ಬೀಜಕೋಟೆಗೆ ಕಳ್ಳ ನುಗ್ಗಿದ ಬಗೆ

ಧನಗೆರೆಯ ಗುರುಪಾದಸ್ವಾಮಿಯವರಿಗೆ ಅರವತ್ತಮೂರು ವರ್ಷ. ಅದರಲ್ಲಿ ಮೂವತ್ತೊಂದು ವರ್ಷ ಬೇರೆಯವರ ಬಾಗಿಲು ಕಾಯುವುದರಲ್ಲೇ ಕಳೆದುಹೋಗಿತ್ತು. ಕೆಲಸ ಬಿಟ್ಟು ಮೂರು ವರ್ಷವಾದರೂ ಅವರ ಕಣ್ಣು ಮಾತ್ರ ರಜೆ ತೆಗೆದುಕೊಂಡಿರಲಿಲ್ಲ. ಮದುವೆಗೆ ಹೋದರೆ ಎಲೆಯ ಮುಂದೆ ಕೂರುವ ಮೊದಲು ಛತ್ರಕ್ಕೆ ಎಷ್ಟು ಬಾಗಿಲು, ಹೆಣ್ಣಿನ ಕೋಣೆಯ ಬೀಗದಕೈ ಯಾರ ಹತ್ತಿರ ಎಂದು ವಿಚಾರಿಸಲೇಬೇಕು. ಬ್ಯಾಂಕಿಗೆ ಹೋದರೆ ಕ್ಯಾಮೆರಾ ಬಾಗಿಲು ಬಿಟ್ಟು ಕಂಬ ನೋಡುತ್ತಿದೆ ಎಂದು ಮ್ಯಾನೇಜರಿಗೆ ಪಾಠ ಹೇಳಿ ಬೈಸಿಕೊಂಡು ಬರಬೇಕು. ಸ್ವಂತ ಮಗಳು ಪ್ರೇಮಾಳ ಗೃಹಪ್ರವೇಶದ ದಿನ ಬೀಗರೆಲ್ಲ ನಿಂತಿದ್ದಾಗ, ‘ಈ ಬಾಗಿಲ ನಾನು ಎರಡು ನಿಮಿಷಕ್ಕೆ ತೆಗೀತೀನಿ ನೋಡಿ’ ಎಂದು ಒಂದು ಚಮಚ ತರಿಸಿಕೊಂಡು ತೆಗೆದೂ ತೋರಿಸಿದ್ದರು. ಮಗಳು ಆಮೇಲೆ ಆರು ತಿಂಗಳು ಫೋನ್ ಮಾಡಲಿಲ್ಲ.

ಆದರೂ ಜನ ಅವರನ್ನು ಮೆಚ್ಚುತ್ತಿದ್ದರು. ಗುರುಪಾದಸ್ವಾಮಿ ಗೇಟಿನಲ್ಲಿದ್ದರೆ ಒಂದು ನೊಣವೂ ಒಳಗೆ ಹೋಗದು ಎಂಬ ಹೆಸರು ಕೊಳ್ಳೇಗಾಲದಲ್ಲಿ ಅವರಿಗಿತ್ತು. ಈ ಹೆಸರು ಸುಳ್ಳು. ಅದು ಸುಳ್ಳೆಂದು ತಿಳಿದಿದ್ದವರು ಲೋಕದಲ್ಲಿ ಒಬ್ಬರೇ ಒಬ್ಬರು, ಸ್ವತಃ ಗುರುಪಾದಸ್ವಾಮಿ.

ಹದಿನೆಂಟು ವರ್ಷದ ಹಿಂದೆ ಅವರು ಕೊಳ್ಳೇಗಾಲದ ಹೊರಗಿನ ಒಂದು ರೇಷ್ಮೆ ಕಾರ್ಖಾನೆಯಲ್ಲಿ ಹೆಡ್ ವಾಚ್‌ಮನ್ ಆಗಿದ್ದರು. ಸೀರೆಯಂಚಿಗೆ ಹಾಕುವ ಜರಿಯನ್ನು ಇಡುವ ಉಗ್ರಾಣಕ್ಕೆ ಅಲ್ಲಿ ಎರಡು ಬಾಗಿಲು. ಮುಂದಿನ ಬಾಗಿಲು ಗೇಟಿಗೆ ಎದುರು, ಹಗಲೆಲ್ಲ ತೆರೆದೇ ಇರುತ್ತಿತ್ತು, ಅದನ್ನು ಕಾಯುವುದು ಇವರ ಪಾಲು. ಹಿಂದಿನದು ಓಣಿಯ ಕಡೆಗೆ, ಅದಕ್ಕೆ ಒಳಗಿನಿಂದ ಚಿಲಕ. ಅದನ್ನು ನೋಡಿಕೊಳ್ಳುವುದು ಯಳಂದೂರಿನ ನಂಜಯ್ಯ ಎಂಬ ಎರಡನೇ ವಾಚ್‌ಮನ್ನನ ಪಾಲು.

ಒಂದು ಸೋಮವಾರ ಹನ್ನೊಂದು ಗಂಟೆಯ ಸುಡುಬಿಸಿಲಲ್ಲಿ ಗೇಟಿನ ಮುಂದೆ ಕಂಸಾಳೆಯ ತಾಳದ ಸದ್ದಾಯಿತು. ನೋಡಿದರೆ ದೇವರಗುಡ್ಡ, ಬೆಟ್ಟದ ಮಾದಪ್ಪನ ಹೆಸರಿನಲ್ಲಿ ಭಿಕ್ಷೆಗೆ ಮನೆ ಮನೆ ತಿರುಗುವವನು. ಕೊರಳಲ್ಲಿ ರುದ್ರಾಕ್ಷಿ, ಹೆಗಲಲ್ಲಿ ಜೋಳಿಗೆ, ಹಣೆತುಂಬ ವಿಭೂತಿ. ಹಾಗೆ ಬಂದವನನ್ನು ಈ ಸೀಮೆಯಲ್ಲಿ ಯಾರೂ ಊರು ಯಾವುದು, ಹೆಸರೇನು ಎಂದು ಕೇಳುವುದಿಲ್ಲ. ಬಿಸಿಲಲ್ಲಿ ನಿಲ್ಲಿಸುವುದಿಲ್ಲ. ಅವನ ಜೋಳಿಗೆಗೆ ಬೇರೆಯವರು ಕೈ ಹಾಕುವುದಿಲ್ಲ, ಒಳಗೆ ಇಣುಕುವುದಂತೂ ದೂರದ ಮಾತು. ಮಾಲೀಕರ ಊಟದ ಕ್ಯಾರಿಯರನ್ನೂ ಬಿಚ್ಚಿಸಿ ನೋಡುತ್ತಿದ್ದ ಗುರುಪಾದಸ್ವಾಮಿ ಕೈಮುಗಿದು ಗೇಟು ತೆಗೆದರು. ಅವನನ್ನು ಉಗ್ರಾಣದ ಜಗಲಿಯ ನೆರಳಲ್ಲಿ ಕೂರಿಸಿದರು. ತಮ್ಮ ಕೋಣೆಯಲ್ಲಿ ಬೆಳಿಗ್ಗೆ ತಂದಿಟ್ಟಿದ್ದ ರೇಷನ್ ಅಕ್ಕಿ ನೆನಪಾಗಿ, ಅದನ್ನು ತರಲು ಹೋದರು. ಚೀಲದ ಗಂಟು ಬಿಚ್ಚಿ, ಕೈತೊಳೆದು, ಮೊರಕ್ಕೆ ಅಕ್ಕಿ ಸುರಿದುಕೊಂಡು ಬರುವಷ್ಟರಲ್ಲಿ ಆರು ನಿಮಿಷವಾಗಿರಬಹುದು. ಅವನು ಬಂದಾಗ ಖಾಲಿಯಾಗಿ ಜೋಲಾಡುತ್ತಿದ್ದ ಜೋಳಿಗೆ ಈಗ ಉಬ್ಬಿತ್ತು. ಅದು ಅವರ ಕಣ್ಣಿಗೆ ಬಿತ್ತು, ಬೀಳದೆ ಏನು. ಕಣ್ಣು ಕಂಡದ್ದನ್ನು ಮನಸ್ಸು ಒಪ್ಪಲಿಲ್ಲ. ಅಕ್ಕಿ ಸುರಿದು, ಬಗ್ಗಿ ಹಣೆಗೆ ವಿಭೂತಿ ಇಡಿಸಿಕೊಂಡು, ಗೇಟಿನವರೆಗೂ ಹೋಗಿ ಬೀಳ್ಕೊಟ್ಟರು. ಸಂಜೆ ನೋಡಿದರೆ ಉಗ್ರಾಣದಲ್ಲಿ ಏಳು ಡಬ್ಬಿ ಜರಿ ಇರಲಿಲ್ಲ.

ಗುಲ್ಲೆದ್ದ ಕೂಡಲೇ ಅವರು ಮೊದಲು ಓಡಿದ್ದು ಹಿಂದಿನ ಬಾಗಿಲಿಗೆ. ಚಿಲಕ ಭದ್ರವಾಗಿ ಬಿದ್ದಿತ್ತು. ಕೈಯಿಂದ ಎಳೆದೂ ನೋಡಿದರು. ಆಗ ಅವರಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು.

ಪೊಲೀಸರು ಬಂದು ಕೇಳಿದರು. ಮುಂದಿನಿಂದ ಯಾರಾದರೂ ಬಂದಿದ್ದರಾ?

“ಒಂದ್ ನೊಣನೂ ಬಂದಿಲ್ಲ ಸಾ.”

“ಹಿಂದಿನ ಬಾಗಿಲು?”

“ಮಧ್ಯಾನ ನೋಡ್ದಾಗ ಚಿಲಕ ಆಕಿರ್ಲಿಲ್ಲ ಸಾ,” ಎಂದರು ಗುರುಪಾದಸ್ವಾಮಿ.

ಅಷ್ಟೇ. ಒಂದು ವಾಕ್ಯ. ನಂಜಯ್ಯನನ್ನು ಮೂರು ದಿನ ಠಾಣೆಯಲ್ಲಿ ಕೂರಿಸಿಕೊಂಡರು. ಕೂರಿಸಿಕೊಂಡರು ಎನ್ನುವುದು ಮರ್ಯಾದೆಯ ಮಾತು, ಕೂರುವುದಕ್ಕೂ ಆಗದ ಹಾಗೆ ಹೊಡೆದರು. ಅವನ ಹತ್ತಿರ ಏನೂ ಸಿಗಲಿಲ್ಲವಾದ್ದರಿಂದ ಬಿಟ್ಟುಕಳಿಸಿದರು. ಕೆಲಸ ಹೋಯಿತು. ಮತ್ತೆ ಯಾರೂ ಅವನಿಗೆ ಬಾಗಿಲು ಕಾಯುವ ಕೆಲಸ ಕೊಡಲಿಲ್ಲ.

ಇದಕ್ಕಿಂತ ಹೊಲಸಾದದ್ದು ಆಮೇಲೆ ನಡೆಯಿತು. ನಂಜಯ್ಯ ಮೊದಮೊದಲು, ‘ನಾ ಆಕಿದ್ದೆ ಸ್ವಾಮ್ಯೋರೆ, ಮಾದಪ್ಪನಾಣೆಗೂ ಆಕಿದ್ದೆ’ ಎಂದು ಅಳುತ್ತಿದ್ದ. ಗುರುಪಾದಸ್ವಾಮಿ ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತು, ಬಾಳೆಹಣ್ಣು ಸುಲಿದು ಕೊಡುತ್ತಾ, ‘ಸಮಾಧಾನವಾಗಿ ನೆನಪು ಮಾಡ್ಕ ನಂಜಯ್ಯ, ಅವತ್ತು ಓಣೀಲಿ ಕಸದ ಗಾಡಿ ಬಂದಿತ್ತಲ್ಲ, ನೀ ತೆಗೆದಿರ್ಬೇಕು’ ಎಂದು ದಿನವೂ ನೆನಪು ಮಾಡಿಸಿದರು. ಹದಿನೈದು ದಿನಕ್ಕೆ ನಂಜಯ್ಯನಿಗೆ ನೆನಪಾಯಿತು. ಎಂದೂ ನಡೆಯದ ಸಂಗತಿಯೊಂದು ಕಣ್ಣಿಗೆ ಕಟ್ಟಿದ ಹಾಗೆ ನೆನಪಾಯಿತು. ‘ಹೂಂ ಸ್ವಾಮ್ಯೋರೆ, ತೆಗೆದೋನು ಆಕ್ದೆ ಬಂದ್ಬುಟ್ಟೆ’ ಎಂದು ಅವನೇ ಒಪ್ಪಿಕೊಂಡು ಅತ್ತ. ಆರು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋದಾಗ, ಚಿಲಕ ಹಾಕದ ಕೈಯನ್ನು ಮಾದಪ್ಪ ಕಿತ್ತುಕೊಂಡ ಎಂದು ಕೈಮುಗಿಯಲು ಹೋದ. ಮುಗಿಯಲು ಒಂದೇ ಕೈ ಇತ್ತು.

ಅಂದಿನಿಂದ ಇಂದಿನವರೆಗೂ ಗುರುಪಾದಸ್ವಾಮಿ ಆ ಮನೆಯ ಕೈ ಬಿಡಲಿಲ್ಲ. ಅಕ್ಕಿ ಹೊರಿಸಿದರು, ಮಾತ್ರೆ ತಂದರು, ನಂಜಯ್ಯನ ಮಗಳು ದೀಪಳನ್ನು ಕಂಪ್ಯೂಟರ್ ಓದಿಸಿದರು. ಆ ಮನೆಗೆ ಅವರು ಹೋದರೆ ನಂಜಯ್ಯನ ಹೆಂಡತಿ ಚಿಕ್ಕಬಸಮ್ಮ ಸೆರಗಿನಿಂದ ಕುರ್ಚಿ ಒರೆಸುತ್ತಿದ್ದಳು. ನಂಜಯ್ಯನ ಕಣ್ಣು ತುಂಬುತ್ತಿತ್ತು. ದೀಪ, ‘ದೊಡ್ಡಪ್ಪ ಬಂದ್ರು’ ಎಂದು ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದಳು. ಸ್ವಂತ ಮಗಳ ಮನೆಯಲ್ಲಿ ಸಿಗದ ಮರ್ಯಾದೆ ಅದು. ಅದರ ರುಚಿ ಹತ್ತಿಬಿಟ್ಟಿತ್ತು. ಮೊದಲು ಕೆಲಸ ಹೋದೀತೆಂದು ಬಾಯಿ ಮುಚ್ಚಿಕೊಂಡಿದ್ದವರು ಈಗ ಆ ಕುರ್ಚಿ ಹೋದೀತೆಂದು ಮುಚ್ಚಿಕೊಂಡಿದ್ದರು. ನಿಜ ಹೊರಬಿದ್ದ ದಿನ ಅವರಿಗೆ ಜಗತ್ತಿನಲ್ಲಿ ‘ದೊಡ್ಡಪ್ಪ’ ಎನ್ನುವವರು ಯಾರೂ ಉಳಿಯುತ್ತಿರಲಿಲ್ಲ.

ದೀಪಳಿಗೆ ಈಗ ಇಪ್ಪತ್ತಾರು. ಕೊಳ್ಳೇಗಾಲದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದಳು. ಭಾನುವಾರ ಬೆಳಿಗ್ಗೆ ಸೆಂಟರು ಖಾಲಿ ಇರುವಾಗ ಅಲ್ಲಿ ಗೆಳೆಯರನ್ನು ಸೇರಿಸಿಕೊಂಡು ಒಂದು ಆಟ ಆಡಿಸುತ್ತಿದ್ದಳು. ಪರದೆಯ ಮೇಲೆ ಗುಂಡು ಹಾರಿಸುವ ಆಟವಲ್ಲ, ಕಥೆಯ ಆಟ. ಒಬ್ಬರು ಕಥೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಿ ‘ನಾನು ಹೀಗೆ ಮಾಡುತ್ತೇನೆ’ ಎನ್ನಬೇಕು, ಆಗುವುದೋ ಇಲ್ಲವೋ ದಾಳ ಹೇಳುತ್ತದೆ. ಯಾರಿಗಾದರೂ ಕಥೆಯಲ್ಲಿ ನಂಬಿಕೆ ಬರದಿದ್ದರೆ ತಡೆಯಬಹುದು. ತಡೆದರೆ ಕಥೆ ನಡೆಸುವವರು ಒಪ್ಪುವಂಥ ಕಾರಣ ಕೊಡಬೇಕು.

ಕಥೆ ಇಸವಿ ೨೧೯೦ರದ್ದು. ಭೂಮಿಯ ಮಣ್ಣೆಲ್ಲ ಕೆಟ್ಟುಹೋಗಿದೆ. ಉಳಿದ ರಾಗಿ, ಭತ್ತ, ಹುರುಳಿಯ ಬೀಜವನ್ನೆಲ್ಲ ಶನಿಗ್ರಹದ ಸುತ್ತ ತಿರುಗುವ ಒಂದು ಬೀಜಕೋಟೆಯಲ್ಲಿ ಇಟ್ಟು ಕಾಯುತ್ತಿದ್ದಾರೆ. ಯಾರೋ ಒಳಹೊಕ್ಕು ರಾಗಿ ಬೀಜ ಕದ್ದಿದ್ದಾರೆ. ಹೇಗೆ ಹೊಕ್ಕರು ಎನ್ನುವುದೇ ಆಟ.

ಕಳ್ಳ ಗಾಳಿಯ ಕೊಳವೆಯಲ್ಲಿ ನುಸುಳಿದ ಎಂದು ದೀಪ ಬರೆದಿದ್ದಳು. ಮೊಬೈಲ್ ರಿಪೇರಿ ಅಂಗಡಿಯ ಮಣಿಕಂಠ ತಡೆದ. ಅವನದು ಎಲ್ಲದಕ್ಕೂ ಕೊಕ್ಕೆ ಹಾಕುವ ಬಾಯಿ.

“ಶನಿಗ್ರಹಕ್ಕೆ ಕೋಟೆ ಎತ್ಕಂಡ್ ಓದೋರಿಗೆ ಕೊಳವೆಗೊಂದು ಜಾಲರಿ ಆಕಕ್ಕಾಗ್ಲಿಲ್ವಾ? ನಮ್ಮನೆ ಬಚ್ಚಲಿಗೇ ಐತೆ ಕಣೇ ಜಾಲರಿ.”

ಹನೂರಿನ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಕುಸುಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ದೀಪಳಿಗೆ ಅವಮಾನವಾಯಿತು. ಕಾವಲಿನ ವಿಷಯ ಬಲ್ಲವರು ಬೇಕು ಎನಿಸಿತು. ಬಲ್ಲ ದೊಡ್ಡಪ್ಪ ಇದ್ದೇ ಇದ್ದರಲ್ಲ.

ಹೀಗೆ ಗುರುಪಾದಸ್ವಾಮಿ ಒಂದು ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಧನಗೆರೆಯಿಂದ ಆಟೋದಲ್ಲಿ ಬಂದು ಶನಿಗ್ರಹದ ಕಾವಲು ಪರೀಕ್ಷೆಗೆ ಕೂತರು. ಮೊದಲು ಕೋಟೆಯ ನಕ್ಷೆ ಬರೆಸಿದರು. ಆಮೇಲೆ ಕನ್ನಡಕ ಹಾಕಿಕೊಂಡು ಶುರುಮಾಡಿದರು.

“ಕಾವಲು ಬದ್ಲಾಗೋದು ಎಷ್ಟೊತ್ತಿಗೆ?”

“ಅದು ಯೋಚ್ನೆ ಮಾಡಿಲ್ಲ ದೊಡ್ಡಪ್ಪ,” ಎಂದಳು ದೀಪ.

“ಕತೆ ಬರ್ದೋಳಿಗೇ ಗೊತ್ತಿಲ್ದಿದ್ರೆ ಕಳ್ಳಂಗೆ ಯೆಂಗವ್ವಾ ಗೊತ್ತಾಯ್ತು?”

ಮಣಿಕಂಠ ಚಪ್ಪಾಳೆ ತಟ್ಟಿದ. ಅಲ್ಲಿಂದ ಮುಂದೆ ಅವರನ್ನು ಹಿಡಿಯುವವರಿರಲಿಲ್ಲ. ಮುಖ ನೋಡಿ ತೆರೆಯುವ ಬಾಗಿಲು ಒಳಗೆ ಬರುವಾಗ ಮಾತ್ರ ಮುಖ ನೋಡುತ್ತದೆ, ಹೊರಗೆ ಹೋಗುವಾಗ ಯಾಕೆ ನೋಡುವುದಿಲ್ಲ? ಕರೆಂಟು ಹೋದರೆ ಬಾಗಿಲು ತೆರೆದುಕೊಳ್ಳುತ್ತದೋ ಮುಚ್ಚಿಕೊಳ್ಳುತ್ತದೋ? ಬೀಜ ಎಣಿಸುವವನೂ ಬೀಗ ಹಾಕುವವನೂ ಒಬ್ಬನೇ ಆದರೆ ಅವನನ್ನು ನೋಡುವವರು ಯಾರು? ನೆಲ ಗುಡಿಸುವ ಯಂತ್ರ ಕಸ ಎಲ್ಲಿಗೆ ಒಯ್ಯುತ್ತದೆ, ಆ ಕಸವನ್ನು ಯಾರಾದರೂ ಕೆದಕಿ ನೋಡುತ್ತಾರಾ? ಒಂದೊಂದು ತೂತನ್ನೂ ತೋರಿಸಿ ಮುಚ್ಚಿಸಿದರು. ನಾಲ್ಕು ಭಾನುವಾರದಲ್ಲಿ ಕೋಟೆ ಎಷ್ಟು ಭದ್ರವಾಯಿತೆಂದರೆ ಆಟವೇ ನಿಂತುಹೋಯಿತು.

“ಈಗ ಕಳ್ಳ ಒಳಿಕ್ಕೆ ಬರಂಗೇ ಇಲ್ವಲ್ಲ ಸ್ವಾಮ್ಯೋರೆ,” ಎಂದ ಮಣಿಕಂಠ. “ಬಾಗ್ಲು ಮುಚ್ಚಕ್ ಎಲ್ರಿಗೂ ಬತ್ತದೆ. ಒಳಿಕ್ಕೆ ಓಗದೆಂಗೆ ಅಂತ ಏಳಿ ನೋಡವ.”

ಗೊತ್ತಿಲ್ಲ ಎಂದು ಎದ್ದುಬಂದಿದ್ದರೆ ಮುಗಿದುಹೋಗುತ್ತಿತ್ತು. ಎರಡು ಭಾನುವಾರ ಹಾಗೆಯೇ ತಲೆಯಾಡಿಸಿ ಬಂದರು ಕೂಡ. ಆದರೆ ಮೂರು ಜನ ವಿದ್ಯಾವಂತರು ತಮ್ಮ ಬಾಯನ್ನೇ ನೋಡುತ್ತಾ ಕೂರುವ ಸುಖ ಅವರಿಗೆ ಬದುಕಿನಲ್ಲಿ ಹೊಸದು. ಅದನ್ನು ಒಬ್ಬ ಮೊಬೈಲ್ ರಿಪೇರಿಯವನ ಎದುರು ಬಿಟ್ಟುಕೊಡಲು ಅವರಿಗೆ ಮನಸ್ಸಾಗಲಿಲ್ಲ. ಅಂಥ ಕೋಟೆಗೆ ನುಗ್ಗುವ ದಾರಿ ಅವರಿಗೆ ಒಂದು ಗೊತ್ತಿತ್ತು. ಭೂಮಿಯಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಕೂರುವುದು ಹದಿನೆಂಟು ವರ್ಷ ಸುಲಭವಾಗಿದ್ದದ್ದು ಈ ಎರಡು ವಾರದಲ್ಲಿ ಕಷ್ಟವಾಯಿತು.

ಮೂರನೇ ಭಾನುವಾರ ಬಾಯಿ ಬಿಟ್ಟರು.

“ಬಾಗ್ಲು ಒಡ್ಯಂಗಿಲ್ಲ. ಕಾವಲ್ನೋನೇ ತೆಗೀಬೇಕು. ಲಂಚಕ್ಕಲ್ಲ, ಭಯಕ್ಕಲ್ಲ. ಭಕ್ತಿಗೆ.”

ದೀಪ ಪೆನ್ನು ಎತ್ತಿಕೊಂಡಳು.

“ಆ ಕೋಟೆ ಜನಕ್ಕೂ ಒಬ್ಬ ದೇವ್ರು ಇದ್ದೇ ಇರ್ತಾನೆ. ಆ ದೇವ್ರ ಎಸ್ರಲ್ಲಿ ತಿರುಗೋನು ಒಬ್ಬ ಬತ್ತಾನೆ. ಅವನ ಎಸ್ರು ಕೇಳಂಗಿಲ್ಲ, ಅವನ ಜೋಳಿಗೆ ಮುಟ್ಟಂಗಿಲ್ಲ. ಅದು ಕಾನೂನಲ್ಲ, ಅದ್ಕಿಂತ ದೊಡ್ದು. ಅವನ್ನ ನೆರಳಲ್ಲಿ ಕೂರ್ಸಿ ಭಿಕ್ಷ ತರಕ್ಕೆ ಓದ್ರೆ ಆಯ್ತು, ಆರು ನಿಮಿಷ ಸಾಕು, ಜೋಳಿಗೆ ತುಂಬ್ಕತ್ತದೆ.”

ಕುಸುಮಳಿಗೆ ಮೈ ಜುಮ್ಮೆಂದಿತು. “ಇದು ಚೆನ್ನಾಗಿದೆ,” ಎಂದಳು.

ಮಣಿಕಂಠ ಮಾತ್ರ ತಡೆದ. “ನಾನು ಒಪ್ಪಲ್ಲ. ಇಸವಿ ಎಷ್ಟು, ಎರಡು ಸಾವಿರದ ನೂರಾ ತೊಂಬತ್ತು. ಅಷ್ಟು ದೊಡ್ಡ ಕೋಟೆ ಹೆಡ್ ವಾಚ್‌ಮನ್ನು, ಜೋಳಿಗೆ ಉಬ್ಬಿರೋದು ಕಂಡೂ ಬಿಟ್ಟುಕಳಿಸ್ತಾನಾ? ಅಂಥ ಪೆದ್ದ ಎಲ್ಲವ್ನೆ ಸ್ವಾಮ್ಯೋರೆ? ಅಂಥೋನ್ನ ಯಾರು ಕೆಲಸಕ್ ಮಡಿಕ್ಕತಾರೆ?”

“ಪೆದ್ದ ಅಲ್ಲ ಕಣ್ಲಾ!”

ಮೇಜು ಗುದ್ದಿದ ಸದ್ದಿಗೆ ದಾಳ ಉರುಳಿ ಕೆಳಗೆ ಬಿತ್ತು. ಗುರುಪಾದಸ್ವಾಮಿಯವರ ಕುತ್ತಿಗೆಯ ನರ ಉಬ್ಬಿತ್ತು.

“ಕಂಡಿರ್ತದೆ ಕಣ್ಲಾ ಅವ್ನಿಗೆ. ಜೋಳಿಗೆ ಉಬ್ಬಿರೋದು ಕಂಡಿರ್ತದೆ. ಯಾರೋ ಭಕ್ತರು ಆಕಿರ್ಬೇಕು ಅನ್ಕತಾನೆ. ಅನ್ಕಬೇಕು, ಇಲ್ದಿದ್ರೆ ದೇವ್ರನ್ನೇ ಅನುಮಾನ ಪಟ್ಟಂಗಾಯ್ತದೆ. ಕೈ ಆಕಿ ನೋಡಿ ಒಳಗೆ ಬರೀ ಅಕ್ಕಿ ಇದ್ರೆ ಆಮೇಲೆ ಅವ್ನು ಯಾವ ಮುಖ ಎತ್ಗಂಡ್ ಬೆಟ್ಟ ಅತ್ತಾನು? ನಿಂಗೆ ಅದೆಲ್ಲ ಎಲ್ಲಿ ಗೊತ್ತಾಯ್ತದೆ. ಬಿಸ್ಲು ಅಂಗೆ ಸುಡ್ತಿರ್ತದೆ. ಅವ್ನು ಕಣ್ಮುಚ್ಚಿ ಕೂತಿರ್ತಾನೆ, ಏನೂ ಅರೀದೋನಂಗೆ. ಅಣೆಗೆ ವಿಭೂತಿ ಇಡ್ತಾನೆ, ಅವನ ಎಬ್ಬೆಟ್ಟು ತಣ್ಣಗಿರ್ತದೆ. ಸಂಜೆ ಲೆಕ್ಕ ಮಾಡ್ದಾಗ್ಲೇ ಗೊತ್ತಾಗೋದು ಏಳು ಡಬ್ಬಿ ಇಲ್ಲ ಅಂತ.”

ಮಣಿಕಂಠ ಬಾಯಿ ತೆರೆದುಕೊಂಡು ಕೂತಿದ್ದ. “ಆಯ್ತು ಬುಡಿ, ಒಪ್ಪಿದೆ,” ಎಂದ. “ಇದು ನಡೆದಂಗೇ ಐತೆ.”

ಗೆದ್ದ ಖುಷಿಯಲ್ಲಿ ಗುರುಪಾದಸ್ವಾಮಿ ಹಿಂದಕ್ಕೆ ಒರಗಿದರು. ದೀಪ ಬರೆಯುವುದನ್ನು ನಿಲ್ಲಿಸಿದ್ದು ಅವರ ಕಣ್ಣಿಗೆ ಬೀಳಲಿಲ್ಲ. ರಾಗಿ ಬೀಜವನ್ನು ಎಷ್ಟು ಡಬ್ಬಿಯಲ್ಲಿ ಇಟ್ಟಿದ್ದಾರೆಂದು ಅವಳು ಕಥೆಯಲ್ಲಿ ಎಲ್ಲೂ ಹೇಳಿರಲಿಲ್ಲ. ಏಳು ಡಬ್ಬಿ ಎಂಬ ಮಾತನ್ನು ಅವಳು ಎಂಟನೇ ವಯಸ್ಸಿನಿಂದ ಮನೆಯಲ್ಲಿ ಕೇಳುತ್ತಾ ಬೆಳೆದಿದ್ದಳು. ಅವಳು ಪೆನ್ನು ಕೆಳಗಿಟ್ಟು, ಆಟದ ಪ್ರಶ್ನೆಯ ಹಾಗೆಯೇ ಕೇಳಿದಳು.

“ಹಿಂದಿನ ಬಾಗಿಲು ಚಿಲಕ ದೊಡ್ಡಪ್ಪ?”

“ಆಕೇ ಇತ್ತು. ನಾನೇ ಎಳೆದು ನೋಡಿದ್ದೆ,” ಎಂದರು ಗುರುಪಾದಸ್ವಾಮಿ.

ಆಡಿದ ಮೇಲೆ ಅವರ ಕಿವಿಗೆ ಅದು ಕೇಳಿಸಿತು.

ದೀಪ ಉಳಿದಿಬ್ಬರನ್ನೂ ಕಳಿಸಿದಳು. ಕುಸುಮ ಏನಾಯಿತೆಂದು ಕೇಳಹೋದರೆ, ‘ಆಮೇಲೆ ಫೋನ್ ಮಾಡ್ತೀನಿ ಹೋಗು’ ಎಂದಳು. ಬಾಗಿಲು ಮುಚ್ಚಿದ ಮೇಲೆ ಸಾಲಾಗಿದ್ದ ಕಂಪ್ಯೂಟರುಗಳ ನಡುವೆ ಇಬ್ಬರೇ ಉಳಿದರು.

“ನಮ್ಮಪ್ಪ ಚಿಲಕ ಹಾಕಿದ್ರು.”

“ಮಗಾ, ಅದು ಕತೆ ಕಣವ್ವ. ಆಟಕ್ಕೆ ಅಂತ ಏಳ್ದೆ.”

“ಕಥೇಲಿ ಚಿಲಕ ಎಳೆದು ನೋಡಿದ್ಯಾರು?”

ಅವರು ಬಗ್ಗಿ ಕೆಳಗೆ ಬಿದ್ದಿದ್ದ ದಾಳವನ್ನು ಎತ್ತಿ ಮೇಜಿನ ಮೇಲಿಟ್ಟರು. “ನಿನ್ನ ಓದ್ಸಿದ್ದು ಯಾರು ಅಂತ ಒಂದ್ಸಲ ಯೋಚ್ನೆ ಮಾಡು,” ಎಂದರು. ಅಂಥ ಹೊತ್ತಿನಲ್ಲಿ ಅವರ ಬಾಯಿಗೆ ಬಂದ ಮಾತು ಅದು.

“ಇದಕ್ಕೇ ಓದ್ಸಿದ್ರಾ?” ಎಂದಳು ದೀಪ. ಹದಿನೆಂಟು ವರ್ಷ ಉಂಡ ಅಕ್ಕಿಯೆಲ್ಲ ಗಂಟಲಿಗೆ ಬಂದ ಹಾಗಾಗಿ ಬಾಯಿಗೆ ದುಪಟ್ಟ ಒತ್ತಿಕೊಂಡಳು. “ಈಗಲೇ ಮನೆಗೆ ಬನ್ನಿ. ಇಲ್ಲಿ ಹೇಳಿದ್ದನ್ನೇ ಅಪ್ಪನ ಮುಂದೆ ಹೇಳಿ, ಒಂದು ಮಾತೂ ಬಿಡದೆ. ಇಲ್ಲ ಅಂದ್ರೆ ನಾನು ಧನಗೆರೆಗೆ ಬಂದು ನಿಮ್ಮ ಬೀದೀಲಿ ನಿಂತು ಹೇಳ್ತೀನಿ.”

ಪಶ್ಚಾತ್ತಾಪದಿಂದ ಹೊರಟರು ಎಂದು ಯಾರೂ ತಿಳಿಯಬೇಕಿಲ್ಲ. ಧನಗೆರೆಯ ಬೀದಿಗೆ ಹೆದರಿ ಹೊರಟರು. ಯಳಂದೂರಿನ ಬಸ್ಸಿನಲ್ಲಿ ದೀಪ ಅವರ ಪಕ್ಕದಲ್ಲೇ, ಕಿಟಕಿಯ ಕಡೆ ಅವರನ್ನು ಕೂರಿಸಿ ತಾನು ಈಚೆ ಕೂತಳು. ಮಾಂಬಳ್ಳಿಯಲ್ಲಿ ಬಸ್ಸು ನಿಂತಾಗ ಒಮ್ಮೆ ಏಳಲು ನೋಡಿದರು. ಅವಳು ಕಾಲು ಸರಿಸಲಿಲ್ಲ. ನಂಜಯ್ಯ ಉಗುಳಿದರೆ ಏನು ಮಾಡುವುದು, ಚಿಕ್ಕಬಸಮ್ಮ ಪೊರಕೆ ತೆಗೆದುಕೊಂಡರೆ ಬೀದಿಯವರ ಮುಂದೆ ಹೇಗೆ ನಡೆದುಹೋಗುವುದು, ಇವೇ ಅವರ ಯೋಚನೆ. ಆ ಮೂರು ದಿನ ಠಾಣೆಯಲ್ಲಿ ನಂಜಯ್ಯನಿಗೆ ಏನಾಗಿತ್ತೆಂಬುದು ಆ ಒಂದು ಗಂಟೆಯಲ್ಲಿ ಅವರಿಗೆ ಒಮ್ಮೆಯೂ ನೆನಪಾಗಲಿಲ್ಲ.

ಮನೆಯಲ್ಲಿ ಚಿಕ್ಕಬಸಮ್ಮ ಎಂದಿನಂತೆ ಕುರ್ಚಿ ಒರೆಸಿದಳು. “ಇದೇನ್ ಬುದ್ಧಿ, ಬಿಸ್ಲೊತ್ನಲ್ಲಿ ಬಂದ್ಬುಟ್ರಿ. ಕೂತ್ಕಳಿ, ಮಜ್ಜಿಗೆ ತತ್ತೀನಿ,” ಎಂದು ಒಳಗೆ ಹೋದಳು. ನಂಜಯ್ಯ ಮಂಚದ ಮೇಲೆ ದಿಂಬಿಗೆ ಒರಗಿದ್ದ. ಬಾಯಿ ಒಂದು ಕಡೆಗೆ ಜಾರಿದ್ದರೂ ನಗು ನೆಟ್ಟಗೇ ಬಂತು.

“ಹೇಳಿ,” ಎಂದಳು ದೀಪ. ಕೂರಲು ಬಿಡಲಿಲ್ಲ.

ಗುರುಪಾದಸ್ವಾಮಿ ನಿಂತುಕೊಂಡೇ ಹೇಳಿದರು. ನೆಲ ನೋಡುತ್ತಾ, ಗೇಟಿನ ಡ್ಯೂಟಿ ವರದಿ ಒಪ್ಪಿಸುವವರ ಹಾಗೆ ಹೇಳಿದರು. ಸೋಮವಾರ, ಕಂಸಾಳೆ, ಜಗಲಿ, ಅಕ್ಕಿ, ಉಬ್ಬಿದ ಜೋಳಿಗೆ. ಚಿಲಕ ಹಾಕಿತ್ತು ನಂಜಯ್ಯ, ನಾನೇ ಎಳೆದು ನೋಡಿದ್ದೆ, ಪೊಲೀಸರಿಗೆ ಸುಳ್ಳು ಹೇಳಿದೆ, ನಿನಗೂ ಸುಳ್ಳು ಹೇಳಿದೆ. ಎಲ್ಲ ಹೇಳಿದರು. ಮಜ್ಜಿಗೆ ತಂದ ಚಿಕ್ಕಬಸಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು.

ನಂಜಯ್ಯ ಕೊನೆಯವರೆಗೂ ಕೇಳಿದ. ಆಮೇಲೆ ಅವನ ಭುಜ ಕುಲುಕಿತು. ಅಳುತ್ತಿದ್ದಾನೆ ಎಂದುಕೊಂಡರು. ಅವನು ನಗುತ್ತಿದ್ದ.

“ಸ್ವಾಮ್ಯೋರೆ, ನಿಮ್ಗೆ ಸುಳ್ಳೇಳಕ್ ಬರಕಿಲ್ಲ ಬುಡಿ.”

“ಸುಳ್ಳಲ್ಲ ನಂಜಯ್ಯ.”

“ಅಲ್ಲಾ, ಮಾಲೀಕ್ರ ಕ್ಯಾರಿಯರ್ನೇ ಬಿಚ್ಚಿಸ್ತಿದ್ದ ನೀವು ಯಾವನೋ ಒಬ್ಬ ಬಂದು ಏಳು ಡಬ್ಬಿ ಎತ್ಗಂಡ್ ಓಗದ ನೋಡ್ಕಂಡ್ ನಿಂತಿದ್ರಿ ಅಂದ್ರೆ ಯಾರಾದ್ರೂ ನಂಬ್ತಾರಾ? ಅದೂ ಮಾದಪ್ಪನ ದೇವ್ರಗುಡ್ಡ ಕಳ್ತನ ಮಾಡ್ದ ಅಂತೀರಿ. ಏಳಕೂ ಒಂದು ಇತಿಮಿತಿ ಬ್ಯಾಡ್ವಾ. ಅದ್ನೆಂಟು ವರ್ಷದಲ್ಲಿ ನಂಗೆ ಒಂದೇ ಒಂದ್ ಸುಳ್ಳೇಳಿಲ್ಲ ನೀವು. ಇವತ್ತು ಏಳಕ್ ಓಗಿ ಸಿಕ್ಕಾಕಂಡ್ರಿ.”

“ಅಪ್ಪಾ, ನಿಜ ಅಪ್ಪಾ,” ಎಂದಳು ದೀಪ. “ನೀನು ಹಾಕಿದ್ದೆ. ಮೊದಲು ನೀನೇ ಹೇಳ್ತಿದ್ದೆ, ಹಾಕಿದ್ದೆ ಅಂತ.”

ನಂಜಯ್ಯನ ನಗು ನಿಂತಿತು. “ನಾನು ಆಕ್ಲಿಲ್ಲ ಅಂತ ನಂಗೆ ಗೊತ್ತಿಲ್ವಾ? ಕಸದ್ ಗಾಡಿ ಬಂತು, ತೆಗ್ದೆ, ಬಂದ್ಬುಟ್ಟೆ. ಕಣ್ಮುಂದೆ ಐತೆ. ಆಕಿದ್ರೆ ಈ ಕೈ ಯಾಕ್ ಬಿದ್ದೋಯ್ತು?” ಎಡಗೈಯಿಂದ ಬಲಗೈಯನ್ನು ಎತ್ತಿ ಮಗಳ ಮುಂದೆ ಹಿಡಿದು ಬಿಟ್ಟ. ಅದು ಮಂಚದ ಮೇಲೆ ಧೊಪ್ಪೆಂದು ಬಿತ್ತು. “ತಪ್ಪಿಲ್ದೋನ ಕೈ ಕಿತ್ಕಳಕ್ಕೆ ಮಾದಪ್ಪಂಗೇನು ತಲೆ ಕೆಟ್ಟದಾ? ಪೊಲೀಸ್ನೋರು ಸುಮ್ಸುಮ್ನೆ ಒಡುದ್ರಾ? ಇಷ್ಟು ವರ್ಷ ನಾನು ಸುಮ್ಸುಮ್ನೆ ಬಿದ್ದಿವ್ನಾ ಇಲ್ಲಿ? ಬಾಯ್ಬುಡು!”

ಉಸಿರು ಮೇಲೆಕೆಳಗಾಯಿತು. ಬಾಯಿಯ ಜಾರಿದ ಕಡೆಯಿಂದ ಜೊಲ್ಲು ಸುರಿಯಿತು. ಚಿಕ್ಕಬಸಮ್ಮ ಲೋಟ ಕೆಳಗಿಟ್ಟು ಓಡಿಬಂದು ಎದೆ ನೀವಿದಳು. ನೀವುತ್ತಲೇ ಒಮ್ಮೆ ತಲೆಯೆತ್ತಿ ಗುರುಪಾದಸ್ವಾಮಿಯವರ ಮುಖ ನೋಡಿದಳು. ಠಾಣೆಗೆ ಮೂರು ದಿನ ಬುತ್ತಿ ಹೊತ್ತು, ಒಳಗಿನ ಕೂಗನ್ನು ಹೊರಗೆ ನಿಂತು ಕೇಳಿದವಳು ಅವಳು. ಅವಳಿಗೆ ಎಲ್ಲ ತಿಳಿಯಿತು. ತಿಳಿದದ್ದು ಅವಳ ಮುಖದಲ್ಲಿ ಗುರುಪಾದಸ್ವಾಮಿಯವರಿಗೂ ಕಂಡಿತು.

“ಅಪ್ಪನ್ನ ಸಾಯಿಸ್ಬ್ಯಾಡ ಕಣವ್ವ ದೀಪ,” ಎಂದಳು. “ಬುಟ್ಬುಡು.”

“ಅವ್ವಾ, ನೀನೂ...”

“ಬುಡು ಅಂದ್ನಲ್ಲ.”

ನಂಜಯ್ಯ ಉಸಿರು ಸರಿಮಾಡಿಕೊಂಡ. ಈಗ ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. “ನೋಡ್ದಾ ಇವ್ರ ದೊಡ್ತನವ. ನಾನು ಕೊರಗ್ತಾ ಸಾಯ್ಬಾರ್ದು ಅಂತ ನನ್ನ ಪಾಪವ ತಮ್ಮ ತಲೆ ಮೇಲೆ ಎಳ್ಕಳಕ್ ಬಂದವ್ರೆ. ಇಂಥೋರ್ನ ಕಟಕಟೇಲಿ ನಿಲ್ಲಿಸ್ದಂಗೆ ನಿಲ್ಲಿಸಿದ್ಯಲ್ಲ, ನಾಚ್ಕೆ ಆಗಕಿಲ್ವಾ ನಿಂಗೆ? ನೀ ಓದಿದ್ದು ಇವ್ರ ಅನ್ನದಲ್ಲಿ. ಕುರ್ಚಿ ಆಕು. ಕೂತ್ಕಳಿ ಸ್ವಾಮ್ಯೋರೆ.”

ಇನ್ನೊಂದು ಮಾತು ಬೇಕಿತ್ತು. ಗುರುಪಾದಸ್ವಾಮಿ ಇನ್ನೊಂದು ಸಲ ಗಟ್ಟಿಯಾಗಿ ಹೇಳಬಹುದಿತ್ತು, ಮಾದಪ್ಪನ ಮೇಲೆ ಆಣೆಯಿಡಬಹುದಿತ್ತು. ಆಣೆಯಿಟ್ಟಿದ್ದರೆ ನಂಜಯ್ಯ ನಂಬುತ್ತಿದ್ದ. ಅದು ಅವರಿಗೂ ಗೊತ್ತಿತ್ತು, ಅವರ ಬಾಯನ್ನೇ ನೋಡುತ್ತಿದ್ದ ದೀಪಳಿಗೂ ಗೊತ್ತಿತ್ತು. ಆದರೆ ಅಷ್ಟರಲ್ಲಿ ಅವರಿಗೆ ಮೈಗೆಲ್ಲ ತಣ್ಣೀರು ಹೊಯ್ದುಕೊಂಡ ಹಾಗೆ ಹಾಯೆನಿಸಿತ್ತು. ಹೇಳಿಯೂ ಆಯಿತು, ಏನೂ ಹೋಗಲಿಲ್ಲ. ಅವರು ಕುರ್ಚಿಯಲ್ಲಿ ಕೂತರು.

“ಓಗ್ಲಿ ಬುಡು ನಂಜಯ್ಯ,” ಎಂದರು. “ಆಗಿದ್ದು ಆಗೋಯ್ತು.”

“ಕಾಲಿಗೆ ಬೀಳು,” ಎಂದ ನಂಜಯ್ಯ ಮಗಳಿಗೆ.

ದೀಪ ಕದಲಲಿಲ್ಲ. ಅವನ ಉಸಿರು ಮತ್ತೆ ಏರತೊಡಗಿತು, ಎಡಗೈ ಮಂಚದ ಪಟ್ಟಿಯನ್ನು ಹಿಡಿದು ಅಲುಗಾಡಿಸುತ್ತಿತ್ತು. “ಬೀಳು ಅಂದೆ!”

“ಅಪ್ಪ ಏಳ್ದಂಗೆ ಮಾಡವ್ವ,” ಎಂದಳು ಚಿಕ್ಕಬಸಮ್ಮ, ಗೋಡೆಯ ಕಡೆ ತಿರುಗಿಕೊಂಡು.

ದೀಪ ಅಪ್ಪನ ಎದೆ ಏರಿಳಿಯುವುದನ್ನು ನೋಡಿದಳು. ಆಮೇಲೆ ಮೊಣಕಾಲೂರಿ ಬಗ್ಗಿದಳು. ಅವಳ ಹಣೆ ತಾಗುವ ಮೊದಲು ಕಾಲು ಹಿಂದಕ್ಕೆ ಎಳೆದುಕೊಳ್ಳುವಷ್ಟು ಹೊತ್ತು ಅವರಿಗಿತ್ತು.

ಗುರುಪಾದಸ್ವಾಮಿ ಅವಳ ತಲೆಯ ಮೇಲೆ ಕೈಯಿಟ್ಟು, “ಒಳ್ಳೇದಾಗ್ಲಿ ಮಗಾ,” ಎಂದರು.